ಕೈಸರಣ್ಣನ ಅಸಲು ಚೀಲ

ರಾಣೆಬೆನ್ನೂರಿನ ಕೈಸರಣ್ಣನಷ್ಟು ಸಂಶಯದ ಪ್ರಾಣಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಹೋಟೆಲಿನಲ್ಲಿ ಚಹಾ ತಂದಿಟ್ಟರೆ ಮೊದಲು ಕಪ್ಪಿನ ತಳ ನೋಡುವ ಮನುಷ್ಯ. ಅಪ್ಪ ಕಾಸೀಮಸಾಬರಿಂದ ಬಂದ ಗುಣ ಅದು. ಅವರು ಬ್ಯಾಡಗಿ ಮಾರುಕಟ್ಟೆಯಲ್ಲಿ ಚೀಲದ ಬಾಯಿಯಲ್ಲಿದ್ದ ಕೆಂಪು ಮೆಣಸಿನಕಾಯಿಗೆ ಮರುಳಾಗದೆ, ತಳಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು ನೋಡುತ್ತಿದ್ದರಂತೆ. ಮಗ ಅದನ್ನೇ ಕಂಪ್ಯೂಟರಿನಲ್ಲಿ ಮಾಡಿದ.

ಅವನದೊಂದು ಕಂಪ್ಯೂಟರ್ ತರಬೇತಿ ಕೇಂದ್ರವಿತ್ತು. ಜೊತೆಗೊಂದು ಪುಕ್ಕಟೆ ಸೇವೆ: ಪುಣೆಯ ಯಾರೋ ಬರೆದು ಹಂಚುತ್ತಿದ್ದ ಕನ್ನಡ ಟೈಪಿಂಗ್ ತಂತ್ರಾಂಶವನ್ನು ವಿಂಡೋಸ್ ಬದಲು ಲಿನಕ್ಸ್ ಬಳಸುವವರು ಸಲೀಸಾಗಿ ಹಾಕಿಕೊಳ್ಳುವಂತೆ ಪ್ಯಾಕೇಜು ಮಾಡಿ ಕೊಡುವುದು. ಹಾವೇರಿಯ ಡಿಟಿಪಿ ಅಂಗಡಿಯಲ್ಲಿದ್ದ ನಾನು 2006ರಲ್ಲಿ ಆ ಕೆಲಸಕ್ಕೆ ಸೇರಿಕೊಂಡೆ. ಕಲಿತದ್ದೆಲ್ಲ ಅವನಿಂದಲೇ, ಇಲ್ಲವೆನ್ನುವುದಿಲ್ಲ.

ಇಂಟರ್‌ನೆಟ್ಟಿನಲ್ಲಿದ್ದ ನಮ್ಮ ಭಂಡಾರದಲ್ಲಿ ಎರಡು ಖಾನೆ. 'ಅಸಲು' ಖಾನೆಯಲ್ಲಿ ಪುಣೆಯವರ ಸೋರ್ಸ್, ಅಂದರೆ ತಂತ್ರಾಂಶದ ಮೂಲ ಬರಹ, ಅವರು ಕೊಟ್ಟ ಹಾಗೆಯೇ ಇರಬೇಕು. ನಮ್ಮ ತಿದ್ದುಪಡಿಯೆಲ್ಲ ಇನ್ನೊಂದರಲ್ಲಿ. ಹೊಸ ಆವೃತ್ತಿ ಬಂದಾಗ ಹಳೆಯ ಅಸಲಿಗೂ ಹೊಸದಕ್ಕೂ ಇರುವ ವ್ಯತ್ಯಾಸ ತೆಗೆದು, ಅಷ್ಟನ್ನೇ ನಮ್ಮದಕ್ಕೆ ತರುವುದು. ಅಸಲು ಕೆಟ್ಟರೆ ಮುಂದಿನದೆಲ್ಲ ಕೆಟ್ಟಂತೆ.

"ಅಸಲು ಚೀಲದ ಹೊಲಿಗಿ ಬಿಚ್ಚಿದಾಂವ ನನ್ನ ವೈರಿ," ಅನ್ನುತ್ತಿದ್ದ ಕೈಸರಣ್ಣ.

2008ರ ಮಾರ್ಚಿನಲ್ಲಿ ಹೊಸ ಆವೃತ್ತಿ ಬಂತು. ಸೇರಿಸುವ ಮುನ್ನ ಅವನು ಎಂದಿನಂತೆ, ಸಿಡಿಯಲ್ಲಿ ಬರೆದಿಟ್ಟಿದ್ದ ಹಳೆಯ ಮೂಲಪ್ರತಿಯನ್ನು ಅಸಲು ಖಾನೆಯ ಜೊತೆ ಹೋಲಿಸಿದ. ಒಂದು ಸಾಲು ಬೇರೆ! ಪ್ರತಿ ತಿದ್ದುಪಡಿಯೂ ದಾಖಲಾಗುವ ಲಾಗಿನಲ್ಲಿ ತಿದ್ದಿದವರ ಹೆಸರು ನೋಡಿದ: ಭುವನಾ. ಅಂದರೆ ನಾನು.

ನನ್ನನ್ನು ಒಂದು ಮಾತೂ ಕೇಳಲಿಲ್ಲ. ಬೆಳಿಗ್ಗೆ ಅಂಗಡಿಗೆ ಬಂದು ನೋಡಿದರೆ ಭಂಡಾರಕ್ಕೆ ನನ್ನ ಪ್ರವೇಶವನ್ನೇ ಬಂದ್ ಮಾಡಿದ್ದ. ಮಂದಿಯ ಮದುವೆ ಕಾರ್ಡು ಅಚ್ಚು ಹಾಕುವವಳಿಗೆ ತನ್ನ ಹೆಸರು ಬರುವ ಜಾಗ ಅಂತಿದ್ದದ್ದು ಅದೊಂದೇ. ಫೋನ್ ಹಚ್ಚಿದೆ.

"ಕೈಸರಣ್ಣ, ಯಾಕ ನನ್ನ ಹೊರಗ ಹಾಕೀರಿ?"

"ನಿನ್ನ ಹೆಸರಿಲೆ ಅಸಲಿಗೆ ಕೈ ಹಚ್ಚ್ಯಾರ. ನೀ ಮಾಡೀದ್ಯೋ, ನಿಮ್ಮ ಅಂಗಡ್ಯಾಗ ಯಾರರ ಮಾಡ್ಯಾರೋ, ನನಗ ಗೊತ್ತಿಲ್ಲ. ನಂಬಿಕಿ ಹೋತು, ತಂಗಿ."

"ತಾರೀಖು ಹೇಳ್ರಿ."

"ಡಿಸೆಂಬರ್ ಒಂಬತ್ತು. ಮಧ್ಯಾಹ್ನ ಮೂರರ ಮ್ಯಾಲ."

ಗೋಡೆಯ ಮೇಲೆ ನಾವು ಅಚ್ಚು ಹಾಕಿದ ಕಾರ್ಡುಗಳ ನಮೂನೆ ಅಂಟಿಸಿರುತ್ತೇವೆ. ಅವುಗಳಲ್ಲೊಂದರ ಮೇಲೆ ಆ ತಾರೀಖು ಕಣ್ಣಿಗೆ ಬಿತ್ತು.

"ಅವತ್ತು ನಿಮ್ಮ ಅಕ್ಕನ ಮಗಳು ತರನ್ನುಮಳ ಲಗ್ನ ಇಲ್ಲೇ ಹಾವೇರ್ಯಾಗ ಇತ್ತು. ಉಂಡು ನಮ್ಮ ಅಂಗಡಿಗೆ ಬಂದಿದ್ರಿ. ಯಾರೋ ಫೋನ್ ಮಾಡಿ ಟೈಪಿಂಗ್ ನಿಂತೈತಿ ಅಂದ್ರು. ನನ್ನ ಕಂಪ್ಯೂಟರಿನ್ಯಾಗ ನೀವ ತಿದ್ದಿದ್ರಿ. ನಿಮ್ಮ ಪಾಸ್‌ವರ್ಡ್ ಹಾಕ್ರಿ ಅಂದ್ರ ಏನಂದ್ರಿ, ನೆನಪೈತೇನ?"

ನನಗಂತೂ ಚೆನ್ನಾಗಿ ನೆನಪಿತ್ತು. "ಮಂದಿ ಕಂಪ್ಯೂಟರಿನ್ಯಾಗ ನನ್ನ ಪಾಸ್‌ವರ್ಡ್ ಹಾಕಂಗಿಲ್ಲ, ಯಾರರ ಕದ್ದರ?" ಎಂದು ಅವನು ನನ್ನ ಹೆಸರಿನಲ್ಲೇ ಭಂಡಾರದ ಒಳಗೆ ಹೋಗಿದ್ದ. ಅವಸರದಲ್ಲಿ ನಮ್ಮ ಖಾನೆ ಬಿಟ್ಟು ಅಸಲು ಖಾನೆಯಲ್ಲಿ ತಿದ್ದಿ, ಬಸ್ಸಿಗೆ ಹೊತ್ತಾಯಿತೆಂದು ಹೊರಟುಬಿಟ್ಟಿದ್ದನೆಂದು ಈಗ ಹೊಳೆಯಿತು. ಊರವರ ಮೇಲೆಲ್ಲ ಸಂಶಯ, ತನ್ನ ಮೇಲೆ ಮಾತ್ರ ಇಲ್ಲ!

ಮರುದಿನ ಹಾವೇರಿಗೇ ಬಂದ. ಮುಖ ಬಾಡಿತ್ತು. ನನ್ನ ಪ್ರವೇಶವನ್ನು ಬೆಳಿಗ್ಗೆಯೇ ತೆರೆದಿದ್ದನಂತೆ. ಆ ಸಾಲನ್ನು ಇಲ್ಲೇ ಕುಳಿತು ಸರಿಮಾಡುತ್ತೇನೆಂದ. ಕುರ್ಚಿ ಬಿಟ್ಟುಕೊಟ್ಟೆ. ಅಸಲನ್ನು ಮೊದಲಿನಂತೆ ಮಾಡಿ, ಲಾಗಿಗೆ ಬರೆದ: "ಡಿಸೆಂಬರ್ ಒಂಬತ್ತರ ತಪ್ಪು ಭುವನಾಳದಲ್ಲ, ನನ್ನದು. ಕೇಳದೆ ಅವಳನ್ನು ಹೊರಹಾಕಿದ್ದೂ ನನ್ನದೇ ತಪ್ಪು." ಲಾಗಿನಲ್ಲಿ ಬರೆದದ್ದು ಶಾಶ್ವತ ಎಂದು ನನಗೆ ಕಲಿಸಿದವನೇ ಅವನು.

ಅದನ್ನು ಭಂಡಾರಕ್ಕೆ ಸೇರಿಸುವಾಗ ಈ ಸಲ ತನ್ನ ಹೆಸರನ್ನೇ ಹಾಕಿದ; ಕಂಪ್ಯೂಟರ್ ಪಾಸ್‌ವರ್ಡ್ ಕೇಳಿತು. ನಾನು ಮುಖ ತಿರುಗಿಸಿ ನಿಂತೆ.

"ಹಂಗ್ಯಾಕ ನಿಂತಿ? ಇತ್ತ ನೋಡ, ತಂಗಿ," ಎಂದ. ನಾನು ನೋಡುತ್ತಿದ್ದಂತೆಯೇ ಒಂದೊಂದೇ ಅಕ್ಷರ ಒತ್ತಿದ.