ಕ್ಲಾರೊನ ತಳಿ

ಮುನ್ಯೋಸ್ ಊರಿನ ನಿಕನೋರಾ ವಾರಗಟ್ಟಲೆಯಿಂದ ಕೊಳಕ್ಕಿಳಿದು ತಿಲಾಪಿಯಾ ಮೀನುಗಳ ಬಾಯಿ ಬಿಡಿಸಿ ನೋಡುತ್ತಿದ್ದಳು. ಹೆಣ್ಣು ತಿಲಾಪಿಯಾ ಮೊಟ್ಟೆಯನ್ನು ಬಾಯಲ್ಲೇ ಇಟ್ಟುಕೊಂಡು ಕಾಯುತ್ತದೆ. ಇಲ್ಲಿ ಒಂದರ ಬಾಯಲ್ಲೂ ಏನೂ ಇಲ್ಲ. ಅವಳಿಗೆ ಊಟ ರುಚಿಸದು, ನಿದ್ದೆ ಹತ್ತದು.

ತಳಿ ಅವಳ ಗಂಡ ಕ್ಲಾರೊನದು. ಪ್ರತಿ ಹಂಗಾಮಿನಲ್ಲೂ ದೊಡ್ಡ ಮೀನುಗಳನ್ನೇ ಆರಿಸಿ ಮರಿ ಮಾಡಿಸಿ, ಬೇರೆಯವರ ಮೀನು ಅಂಗೈಯಷ್ಟಾಗುವ ಹೊತ್ತಿಗೆ ತನ್ನದು ತಟ್ಟೆ ತುಂಬುವಂತೆ ಮಾಡಿದ್ದ. ಮರಿ ಬೇಕೆಂದರೆ ಸುತ್ತಲಿನವರೆಲ್ಲ ಇವರ ಮನೆಗೇ ಬರಬೇಕು. ಅವನು ತೀರಿಕೊಂಡ ಮೇಲೆ ಮರಿಗಾಗಿ ಅವಳೇ ಮೀನು ಆರಿಸಿದ್ದು ಇದೇ ಮೊದಲು. ಪುಣ್ಯಾತ್ಮ ಹೆಂಡತಿಗೆ ಹೇಳಿಕೊಟ್ಟಿದ್ದು ಒಂದೇ ಮಾತು: "ದೊಡ್ಡದನ್ನ ಮಾರ್ಬೇಡ, ಇಟ್ಕೋ." ಹಾಗೇ ಅವಳು ದೊಡ್ಡವನ್ನು ಕೊಳದಲ್ಲಿಟ್ಟು, ಸಣ್ಣವನ್ನೆಲ್ಲ ಪಕ್ಕದ ಗುಂಡಿಗೆ ಬಿಟ್ಟಿದ್ದಳು.

ಇವತ್ತು ಕ್ಲಾರೊ ಸತ್ತ ವರ್ಷದ ದಿನ. ಊರಿಗೆ ಊಟ ಹಾಕಬೇಕು. ಗುಂಡಿಯ ಮೀನನ್ನೆಲ್ಲ ಬಳಿದು ಬೆಳಿಗ್ಗೆಯೇ ನಾದಿನಿ ತಿನಾಂಗ್‌ಳ ಅಡುಗೆಮನೆಗೆ ಕಳಿಸಿದ್ದಾಗಿತ್ತು. ಆದರೂ ಮನಸ್ಸೆಲ್ಲ ಕೊಳದಲ್ಲೇ. ಊಟಕ್ಕೆ ಮುಂಚಿತವಾಗಿ ಬಂದ ನೆರೆಮನೆಯ ಮುದುಕ ಮಾಂಗ್ ಇಸ್ಕೊನನ್ನು ದಂಡೆಗೆ ಎಳೆದುಕೊಂಡೇ ಹೋದಳು.

ಮೀನು ಸಾಕಿಯೇ ಮುದುಕನಾದವನು ಅವನು. ಒಂದನ್ನು ಮಗುಚಿ ಹೊಟ್ಟೆಯ ಕೆಳಗೆ ನೋಡಿದ. ಮತ್ತೊಂದನ್ನು ನೋಡಿದ. ಗೊಳ್ಳೆಂದು ನಕ್ಕ.

"ಇದೇನಮ್ಮಾ, ಬರೀ ಗಂಡಸ್ರ ಸಭೆ ನಡೀತಿದೆ! ಹೆಂಗಸ್ರೆಲ್ಲಿ?"

"ದೊಡ್ಡದೇ ಆರಿಸ್ದೆ ತಾತ."

"ಗಂಡು ಬೇಗ ಬೆಳೀತದೆ, ಹೆಣ್ಣು ಸಣ್ಣದಾಗೇ ಉಳೀತದೆ. ಕ್ಲಾರೊ ಗಂಡಲ್ಲಿ ದೊಡ್ಡದು ಬೇರೆ, ಹೆಣ್ಣಲ್ಲಿ ದೊಡ್ಡದು ಬೇರೆ ಆರಿಸ್ತಿದ್ದ." ಅವನ ನಗು ನಿಂತಿತು. "ಸಣ್ಣವನ್ನ ಏನ್ ಮಾಡ್ದೆ?"

ನಿಕನೋರಾ ಕೆಸರುಗಾಲಲ್ಲೇ ಓಡಿದಳು.

ಬಾಣಲೆಯಲ್ಲಿ ಎಣ್ಣೆ ಚುರುಗುಟ್ಟುತ್ತಿತ್ತು. ಪಕ್ಕದಲ್ಲಿ ಕರಿದ ಮೀನಿನ ರಾಶಿ.

"ಅತ್ತಿಗೆ, ಏನಿದು ಅವತಾರ! ಪಾದ್ರಿ ಬರೋ ಹೊತ್ತಾಯ್ತು."

"ಜೀವ ಇರೋದು ಉಳಿದಿದ್ಯಾ ತಿನಾಂಗ್?"

"ಎಲ್ಲಾ ಉಪ್ಪು ಹಚ್ಚಿದ್ದಾಯ್ತು. ಆ ಬೋಗುಣೀಲಿ ನಾಕೈದು ಇರ್ಬೇಕು, ಸಾಲ್ದಿದ್ರೆ ಅಂತ ಬಿಟ್ಟಿದ್ದೆ. ಯಾಕೆ, ಅಳ್ತಿದೀರಾ?"

"ನಿಮ್ಮಣ್ಣ ಜೀವಮಾನ ಪೂರ್ತಿ ದುಡಿದಿದ್ದು ಬಾಣಲೇಲಿದೆ ಕಣೇ!"

ಅರ್ಥವಾಗದಿದ್ದರೂ ತಿನಾಂಗ್ ಬೋಗುಣಿಯ ಇನ್ನೊಂದು ಬದಿ ಹಿಡಿದಳು. ಕೊಳಕ್ಕೆ ಬಿಟ್ಟಾಗ ಎರಡು ಅಲ್ಲೇ ಹೊಟ್ಟೆ ಮೇಲಾಗಿ ತೇಲಿದವು. ಮೂರು ವಾಲಾಡುತ್ತ ಕೆಳಗಿಳಿದವು. ಬದುಕಿದವೋ ಇಲ್ಲವೋ, ಕೆಸರುನೀರಲ್ಲಿ ಕಾಣಲಿಲ್ಲ.

ಪಾದ್ರಿ ಪ್ರಾರ್ಥನೆ ಮುಗಿಸಿದ. ಎಲ್ಲರೂ ಅನ್ನಕ್ಕೆ ಮೀನು ಹಾಕಿಸಿಕೊಂಡರು. "ಸಣ್ಣದಾದ್ರೂ ಎಷ್ಟ್ ಮಾಂಸ ನೋಡು, ಕ್ಲಾರೊ ಕೈಗುಣ ಅಂದ್ರೆ ಇದು," ಎಂದು ಹೊಗಳಿ ಮತ್ತೆ ಬಡಿಸಿಕೊಂಡರು. ನಿಕನೋರಾ ಒಬ್ಬೊಬ್ಬರ ತಟ್ಟೆಯನ್ನೂ ನೋಡುತ್ತ, ಬೇಡವೆನ್ನಲಾಗದೆ ಬಡಿಸಿದಳು.