ಅತ್ತಿಯ ಎದೆಗೆ ಕಟ್ಟಿದ ಪಟ್ಟಿ

ಶಿವದಾರ ತಿಕ್ಕಿ ತಿಕ್ಕಿ ನಮ್ಮ ಅತ್ತಿಯ ಕತ್ತಿನ ಸುತ್ತ ಕಪ್ಪು ಗೆರೆ ಬಿದ್ದಿತ್ತು. ದಾರದ ತುದಿಗೆ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಜಳಕದ ಹೊತ್ತಿಗೂ ಅದು ಮೈ ಬಿಟ್ಟು ಹೋಗುತ್ತಿರಲಿಲ್ಲ.

ಅತ್ತಿ ಎಂದರೆ ಅಪ್ಪನ ಅಕ್ಕ. ಅವ್ವ ಹೋದ ಮೇಲೆ ನನ್ನನ್ನು ಬನಹಟ್ಟಿಯ ತನ್ನ ಮನೆಯಲ್ಲಿ ಸಾಕಿದವಳು. ಮಗ್ಗದ ಸದ್ದಿನಲ್ಲೇ ಜೀವ ತೇದವಳಾದ್ದರಿಂದ ಗುಟ್ಟನ್ನೂ ಓಣಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು. ಆದರೆ ಯಾರನ್ನೂ ಕೇಳದೆ ಬಡಿಸಿದವಳಲ್ಲ. "ಬಿಸಿ ರೊಟ್ಟಿ ಬೇಕೋ, ಕಟಕ್ ರೊಟ್ಟಿ ಬೇಕೋ?" ಎಂದು ಗೇಣುದ್ದದ ನನ್ನನ್ನೂ ಕೇಳುವಳು. "ಹೊಟ್ಟಿ ಯಾರದೈತಿ ಅವರನ್ನ ಕೇಳಬೇಕು" ಎನ್ನುವಳು. ಆಕೆಯ ರೊಟ್ಟಿ ತಿಂದು ನಾನು ಜಮಖಂಡಿಯಲ್ಲಿ ಕಾಲೇಜು ಮಾಸ್ತರನಾದೆ. ದೊಡ್ಡ ಬಾಯಿಯವನೂ ಆದೆ.

ಹೋದ ವರ್ಷ ಮೈಗೆ ನಂಜೇರಿ ಅತ್ತಿಯ ಬಿಪಿ ಕುಸಿಯಿತು. ಐಸಿಯುಗೆ ಸೇರಿಸಿದೆವು. ಅಲ್ಲಿಯ ಲೇಡಿ ಡಾಕ್ಟರು ಸಾಲಾಗಿ ಗುಂಡಿಗಳಿದ್ದ ಪಟ್ಟಿಯೊಂದನ್ನು ತಂದರು.

"ಇದನ್ನ ಎದಿ ಸುತ್ತ ಕಟ್ಟಿ, ಗೊತ್ತಾಗದಷ್ಟು ಸಣ್ಣ ಕರೆಂಟ್ ಬಿಡ್ತೇವ್ರಿ. ಒಳಗ ಹೃದಯ ತುಂಬೂದು, ಖಾಲಿ ಆಗೂದು ಪರದೆ ಮ್ಯಾಲ ಕಾಣ್ತೈತಿ. ಸಲೈನ್ ಹೆಚ್ಚು ಮಾಡೂದೋ ಕಡಿಮಿ ಮಾಡೂದೋ ಅದನ್ನ ನೋಡಿ ಹೇಳ್ತೇನಿ. ಎದಿ ಮ್ಯಾಲಿನ ಬೆಳ್ಳಿ ಮಾತ್ರ ಸರಸಬೇಕು."

"ಲಿಂಗ ತಗ್ಯಾಕ ಬರೂದಿಲ್ರಿ" ಎಂದೆ. ಹಿರಿಯರನ್ನು ಕೇಳಿ ಹೇಳುತ್ತೇನೆಂದು ಬಾಗಿಲಲ್ಲಿ ನಿಂತು ಫೋನ್ ಹಚ್ಚಿದೆ. ಮುಧೋಳದ ಕಾಕಾ ಬೇಡವೇ ಬೇಡ ಎಂದ. ಗಲಗಲಿಯ ಮಠದ ಅಯ್ಯನವರು ಫೋನ್ ಎತ್ತಲಿಲ್ಲ. ಮತ್ತೆ ಹಚ್ಚಿದೆ. ಡಾಕ್ಟರು ಎರಡು ಸಲ ಬಂದು ಮುಖ ನೋಡಿ ಹೋದರು.

"ಸರ, ಹೊತ್ತು ಆಗಾಕತ್ತೈತಿ. ಅವ್ವಾರನ್ನ ಒಂದು ಮಾತು ಕೇಳೂಣೇನ್ರಿ?"

"ಆಕಿಗೇನು ತಿಳೀತೈತ್ರಿ?" ಎಂದೆ. ಹೌದು, ಹಾಗೇ ಎಂದೆ. ಬಾಗಿಲ ಪರದೆಯ ಆಚೆ ಮಲಗಿದ್ದ ಅತ್ತಿಗೆ ಕೇಳುವಷ್ಟು ಜೋರಾಗಿ.

ಒಳಗಿಂದ ಕರೆ ಬಂತು. ಅತ್ತಿ ಮುಖದ ಮಾಸ್ಕು ಸರಿಸಿ, ಶಿವದಾರವನ್ನು ತಾನೇ ತಲೆಯ ಮೇಲಿಂದ ತೆಗೆದು ಪಟ್ಟಿ ಹಿಡಿದ ನರ್ಸಿನೆದುರು ತೋಳೆತ್ತಿದ್ದಳು.

"ಇಲ್ಲಿ ಕಟ್ಟವಾ. ಲಿಂಗಾನೂ ನಂದು, ಎದಿನೂ ನಂದು. ಇಂವ ಮುಧೋಳ, ಗಲಗಲಿ ಎಲ್ಲಾ ಕೇಳಿ ಬರ್ಲಿ."

ಪಟ್ಟಿ ಕಟ್ಟಿದರು. ಪರದೆಯ ಮೇಲೆ ಬಣ್ಣದ ಮಚ್ಚೆಯೊಂದು ಹಿಗ್ಗಿ ಕುಗ್ಗತೊಡಗಿತು. ಡಾಕ್ಟರು ಕೂಡಲೇ ಸಲೈನ್ ತಗ್ಗಿಸಿ ಬೇರೆ ಔಷಧಿ ಹಚ್ಚಿದರು. "ಹೃದಯಕ್ಕ ಈ ನೀರ ಭಾರ ಆಗಾಕತ್ತಿತ್ರಿ" ಎಂದರು. ನನ್ನನ್ನು ಸಾಕಿದವಳ ಎದೆಯೊಳಗು ಹಾಗೆ ಕಣ್ಣೆದುರು ಮಿಡಿಯುತ್ತಿದ್ದಾಗ ನನಗೆ ತಲೆ ಎತ್ತಿ ನೋಡಲಾಗಲಿಲ್ಲ. ಅಷ್ಟು ನಾಚಿಕೆಯಾಗಿತ್ತು.

ಅತ್ತಿ ಗುಣವಾಗಿ ಮನೆಗೆ ಬಂದಳು. ಬಂದವರಿಗೆಲ್ಲ ನನ್ನ ಫೋನಿನ ಕತೆ ಹೇಳಿ ನಗಿಸಿದಳು. ನಾನೂ ನಕ್ಕೆ. ಬುದ್ಧಿ ಬಂತೆಂದುಕೊಂಡೆ.

ಮುಂದಿನ ತಿಂಗಳು ತಪಾಸಣೆಗೆ ಕರೆದುಕೊಂಡು ಹೋದೆ.

"ಹೆಂಗದೀರಿ ಅವ್ವಾರ?" ಎಂದು ಡಾಕ್ಟರು ಆಕೆಯನ್ನೇ ನೋಡಿ ಕೇಳಿದರು.

ಅತ್ತಿ ಉಸಿರೆಳೆದುಕೊಂಡು ಬಾಯಿ ತೆರೆದಳು.

"ಆರಾಮ ಅದಾರ್ರಿ. ಊಟ, ನಿದ್ದಿ ಎಲ್ಲಾ ಛಲೋ ಐತಿ" ಎಂದೆ ನಾನು.

ಅತ್ತಿ ನನ್ನ ಕಡೆ ಒಮ್ಮೆ ನೋಡಿ ಬಾಯಿ ಮುಚ್ಚಿದಳು. ಬನಹಟ್ಟಿಯವರೆಗೂ ಕಾರಿನಲ್ಲಿ ಪಕ್ಕದಲ್ಲೇ ಕೂತಿದ್ದಳು. ಆಗಲೂ ನಾನು ಆಕೆಯನ್ನು ಕೇಳಲಿಲ್ಲ.

ಅದೇ ವಾರ, ಪೂಜೆಗೆ ಕೂತವಳು ಕೂತಲ್ಲೇ ಹೋದಳು. "ಒಂದು ಮಾತು ಹೇಳದ ಹೋದ್ಳಲ್ಲೋ" ಎಂದರು ಮಣ್ಣಿಗೆ ಬಂದವರು. ಅತ್ತಿ ಹೇಳಲು ಬಾಯಿ ತೆರೆದಿದ್ದಳು.