ಎರಡು ಸಲ ಸತ್ತ ಅಪ್ಪ

ಕೊಲ್ಲಿ ದೇಶದ ಈ ಕರಾಮ ಬಡಾವಣೆಯಲ್ಲಿ ನಮ್ಮ ಕಟ್ಟಡದ ಹಿಂದಿನ ಹಳೆ ಪುಸ್ತಕದಂಗಡಿಯಲ್ಲಿ ನನಗೊಂದು ರಟ್ಟಿನ ಪೆಟ್ಟಿಗೆ ಸಿಕ್ಕಿತು. ವೀಸಾ ರದ್ದು ಮಾಡಿಸಿಕೊಂಡು ಊರಿಗೆ ಹೊರಟ ಯಾರೋ ಬಿಟ್ಟು ಹೋದದ್ದು. ಅದರ ತುಂಬ ಅಮೆರಿಕದ ಪತ್ತೇದಾರಿ ಕಥೆಗಳು. ಸುಮಾರು ನೂರು ವರ್ಷದ ಹಿಂದೆ ಒರಟು ಕಾಗದದ ಅಗ್ಗದ ಪತ್ರಿಕೆಗಳಲ್ಲಿ ಬರುತ್ತಿದ್ದಂಥವು, ಈಗ ಪುಸ್ತಕವಾಗಿ ಮರುಮುದ್ರಣಗೊಂಡವು. ದಿನಾ ಬೆಳಿಗ್ಗೆ ಮೆಟ್ರೋದಲ್ಲಿ ನಿಂತುಕೊಂಡೇ ಒಂದೊಂದು ಕಥೆ ಮುಗಿಸುತ್ತಿದ್ದೆ.

ಆ ಪತ್ತೇದಾರರು ನನಗೆ ಬಹಳ ಹಿಡಿಸಿದರು. ಎದುರಿನ ಕುರ್ಚಿಯಲ್ಲಿ ಕೂತವರು ಸುಳ್ಳು ಹೇಳುತ್ತಾರೆಂಬುದು ಅವರಿಗೆ ಮೊದಲ ಪುಟದಲ್ಲೇ ಗೊತ್ತು. ಅಳುವವರಿಗೆ ಕರವಸ್ತ್ರ ಕೊಡುವುದಿಲ್ಲ, ಸಿಗರೇಟು ಹಚ್ಚಿ ಸುಮ್ಮನೆ ಕಾಯುತ್ತಾರೆ. ಸುಮ್ಮನಿದ್ದರೆ ಎದುರಿನವರು ತಾವಾಗಿ ಬಾಯಿಬಿಡುತ್ತಾರೆ.

ಒಳಾಂಗಣ ಅಲಂಕಾರದ ಕಂಪನಿಯೊಂದರಲ್ಲಿ ಸಿಬ್ಬಂದಿಯ ರಜೆ ನೋಡಿಕೊಳ್ಳುವುದು ನನ್ನ ಕೆಲಸ. ಮೊದಲೆಲ್ಲ ನಾನು ಕಣ್ಣುಮುಚ್ಚಿ ಸಹಿ ಹಾಕುತ್ತಿದ್ದೆ. ಒಬ್ಬನ ಅಜ್ಜಿ ಮೂರು ಸಲ ಸತ್ತಾಗಲೂ ನಕ್ಕು ಸುಮ್ಮನಾಗಿದ್ದೆ. ಕಥೆಗಳನ್ನು ಓದತೊಡಗಿದ ಮೇಲೆ ಅಂಥ ಅಜ್ಜಿಯರನ್ನು ಹಿಡಿಯುವುದು ನನಗೆ ಚಟವಾಯಿತು.

ಒಂದು ಮಂಗಳವಾರ ಬೆಳಿಗ್ಗೆ ಸ್ಟೋರ್ ಕೀಪರ್‌ನ ಅರ್ಜಿ ಬಂತು. ಉಡುಪಿ ಕಡೆಯವನು, ಒಂಬತ್ತು ವರ್ಷದಿಂದ ಇದ್ದವನು. ಅಪ್ಪ ತೀರಿಕೊಂಡಿದ್ದಾರೆ, ನಾಳೆ ದಹನ, ಇವತ್ತಿನ ಸಂಜೆಯ ವಿಮಾನದಲ್ಲಿ ಹೊರಟರೆ ಮುಖ ನೋಡಬಹುದು ಎಂದಿತ್ತು. ಅಭ್ಯಾಸಬಲದಿಂದ ಹಳೆಯ ಫೈಲು ತೆಗೆದೆ. ಐದು ವರ್ಷದ ಹಿಂದಿನ ಅರ್ಜಿಯೊಂದು ಸಿಕ್ಕಿತು. ಮೃತರ ಸಂಬಂಧ: ತಂದೆ.

ನಿಜ ಹೇಳುತ್ತೇನೆ, ನನಗೆ ಖುಷಿಯಾಯಿತು. ಎರಡೂ ಹಾಳೆಗಳನ್ನು ಹಿಡಿದು ನೇರ ಮ್ಯಾನೇಜರ್ ಬಳಿ ಹೋದೆ. ಆತನನ್ನು ಒಂದು ಮಾತು ಕೇಳಬೇಕೆಂದು ನನಗೆ ತೋಚಲೂ ಇಲ್ಲ. ಮ್ಯಾನೇಜರ್ ನನ್ನನ್ನು ಮೆಚ್ಚಿಕೊಂಡು, ವಿಚಾರಣೆಯನ್ನೂ ನೀನೇ ಮಾಡು ಎಂದರು.

ಮೀಟಿಂಗ್ ರೂಮಿನಲ್ಲಿ ಆತನ ಮುಂದೆ ಎರಡು ಹಾಳೆ ಇಟ್ಟು ಸುಮ್ಮನೆ ಕೂತೆ.

"ಆಗಿನದ್ದು ಮಾವ, ಮೇಡಂ" ಎಂದ. "ಅಮ್ಮನ ಅಣ್ಣ. ನಮ್ಮದು ಅಳಿಯಕಟ್ಟು, ನಿಮಗೆ ಗೊತ್ತುಂಟಲ್ಲ. ಮನೆಯ ಯಜಮಾನರು ಅವರೇ. ಅವರ ಕ್ರಿಯೆಗೆ ನಾನೇ ನಿಲ್ಲಬೇಕಿತ್ತು. ಇಲ್ಲಿಯ ಫಾರ್ಮಿನಲ್ಲಿ ಮಾವ ಸತ್ತರೆ ರಜೆ ಇಲ್ಲ. ಹಾಗೆ ಅಪ್ಪ ಅಂತ ಬರೆದೆ."

ನನಗೆ ಗೊತ್ತಿತ್ತು. ನಮ್ಮದೂ ಅಳಿಯಕಟ್ಟಿನ, ತಾಯಿಯ ಕಡೆಯಿಂದ ಮನೆತನ ಸಾಗುವ ಮನೆಯೇ. ಅಂಥ ಮನೆಯಲ್ಲಿ ಸೋದರಮಾವ ಹೋದರೆ ಅಳಿಯ ಬಾರದಿರುವ ಹಾಗಿಲ್ಲ ಎಂದು ಆತನನ್ನು ಬಿಟ್ಟರೆ ಇಡೀ ಕಚೇರಿಯಲ್ಲಿ ತಿಳಿದವಳು ನಾನೊಬ್ಬಳೇ.

"ಹಾಗಾದರೆ ಸುಳ್ಳು ಬರೆದದ್ದು ಒಪ್ಪುತ್ತೀರಿ" ಎಂದೆ.

"ಒಪ್ತೇನೆ. ಇವತ್ತಿನದ್ದು ನಿಜ ಅಕ್ಕಾ. ಡೆತ್ ಸರ್ಟಿಫಿಕೇಟ್ ತಂದು ಕೊಡ್ತೇನೆ."

"ತಂದರೆ ಹಿಂದಿನದು ಸುಳ್ಳೆಂದು ನೀವೇ ರುಜುವಾತು ಮಾಡಿದ ಹಾಗಾಗುತ್ತದೆ."

ಆ ಮಾತು ನಾಲಗೆಯಿಂದ ಹೊರಟಾಗ ನನಗೆಷ್ಟು ಹೆಮ್ಮೆಯಾಯಿತೆಂದರೆ, ಆತನ ಕಣ್ಣು ಒದ್ದೆಯಾದದ್ದು ನನ್ನ ಗೆಲುವಿನ ಗುರುತಿನಂತೆಯೇ ಕಂಡಿತು. ನಾನು ಕರವಸ್ತ್ರ ಕೊಡಲಿಲ್ಲ.

ಆತನ ವಾರ್ಷಿಕ ರಜೆ ಆಗಲೇ ಮುಗಿದಿತ್ತು. ಹೇಳದೆ ಹೋದರೆ ಕೆಲಸ ಹೋಗುತ್ತಿತ್ತು, ಕೆಲಸದ ಜೊತೆ ಇಲ್ಲೇ ಶಾಲೆಗೆ ಹೋಗುವ ಇಬ್ಬರು ಮಕ್ಕಳ ವೀಸಾ ಕೂಡ. ರಜೆ ಇಲ್ಲ, ಎಚ್ಚರಿಕೆ ಪತ್ರ ಕೊಡಿ, ಖಲಾಸ್ ಎಂದರು ಮ್ಯಾನೇಜರ್.

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಆ ಪತ್ರಕ್ಕೆ ಸಹಿ ಹಾಕಿಸಲು ಸ್ಟೋರಿಗೆ ಹೋದೆ. ಜಿಪ್ಸಮ್ ಹಲಗೆಗಳ ನಡುವೆ ಆತ ಫೋನ್ ಹಿಡಿದು ನಿಂತಿದ್ದ. ಅದರೊಳಗಿಂದ ಯಾರೋ "ತೋಜುಂಡಾ ಅಣ್ಣಾ?" ಎಂದು ಕೇಳುತ್ತಿದ್ದರು, ಕಾಣುತ್ತದಾ ಎಂದು. ಪರದೆಯ ಮೇಲೆ ಚಿತೆಗೆ ಇನ್ನೂ ಬೆಂಕಿ ಹತ್ತಿರಲಿಲ್ಲ. ನಾನು ಹತ್ತು ನಿಮಿಷ ಕಾಯಬಹುದಿತ್ತು. ಕಾಗದ ಚಾಚಿದೆ. ಆತ ಫೋನನ್ನು ಎಡಗೈಗೆ ಬದಲಾಯಿಸಿ, ಬಣ್ಣದ ಡಬ್ಬದ ಮೇಲೆ ಕಾಗದವಿಟ್ಟು ಸಹಿ ಮಾಡಿದ.

ಆ ಕಥೆಗಳಲ್ಲಿ ನಾನು ಅವಸರದಲ್ಲಿ ದಾಟಿಹೋದದ್ದು ಒಂದಿದೆ. ಪ್ರತಿ ಕಥೆಯಲ್ಲೂ ಪತ್ತೇದಾರ ಒದೆ ತಿನ್ನುತ್ತಾನೆ. ತಲೆಗೆ ಪೆಟ್ಟು, ಮುರಿದ ಪಕ್ಕೆಲುಬು, ಬಾಯಲ್ಲಿ ರಕ್ತ. ಅವನು ಎದುರುಹಾಕಿಕೊಳ್ಳುವುದು ಊರನ್ನೇ ಕೊಂಡುಕೊಂಡ ದೊಡ್ಡವರನ್ನು, ಸಾಮಾನು ಎಣಿಸುವವನನ್ನಲ್ಲ. ನನಗೆ ಸಿಕ್ಕಿದ್ದು ಏಸಿ ಕೋಣೆ, ಒಂದು ಕಪ್ ಕರಕ್ ಚಹಾ, ಮ್ಯಾನೇಜರರ ಮೆಚ್ಚುಗೆ. ಆ ಪತ್ತೇದಾರನಿಂದ ನಾನು ಕಲಿತದ್ದು ಗಡಸು ಮಾತು ಮಾತ್ರ. ಇದನ್ನು ನಾಚಿಕೆಯಿಂದಲೇ ಬರೆಯುತ್ತಿದ್ದೇನೆ, ಆದರೆ ಆಗ ನಾಚಿಕೆಯಾಗಿರಲಿಲ್ಲ.

ಎರಡು ವಾರದ ಮೇಲೆ ಆತ ನನ್ನ ಮೇಜಿನ ಹತ್ತಿರ ಬಂದ. ಈಗ ಮತ್ತೆ ನಾನು ಮೇಡಂ ಆಗಿದ್ದೆ.

"ಅಮ್ಮ ಬದುಕಿದ್ದಾರೆ ಮೇಡಂ. ಫೈಲಿನಲ್ಲಿ ಈಗಲೇ ಬರೆದಿಡಿ" ಎಂದು ಒಂದು ಫೋಟೋ ಕೊಟ್ಟ.

ಹಣೆ ಬರಿದಾದ ಮುದುಕಿಯೊಬ್ಬಳು ಜಗಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದಳು. ತಾರೀಕು ಕಾಣುವಂತೆ ಆ ದಿನದ ಪತ್ರಿಕೆಯನ್ನು ಎರಡೂ ಕೈಯಲ್ಲಿ ಎದೆಗೆ ಹಿಡಿದುಕೊಂಡಿದ್ದಳು. ಯಾಕೆ ಹಿಡಿಯಬೇಕೆಂದು ಅವಳಿಗೆ ಯಾರು ಹೇಗೆ ಹೇಳಿದರೋ ತಿಳಿಯದು.

"ತಿಂಗಳಿಗೊಂದು ತಂದುಕೊಟ್ಟರೆ ಸಾಕಾ?" ಎಂದು ಕೇಳಿದ. ಆತ ಅಣಕಿಸುತ್ತಿರಲಿಲ್ಲ.